ಮತ ಕೇಳುವ ನ್ಯಾಯಾಧೀಶ

2023ರ ಜನವರಿ ಮೊದಲ ವಾರದಲ್ಲಿ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ಎದ್ದು ಕಾಣುವಂತೆ ಬಂತು. ಕಾಸರಗೋಡು ಜಿಲ್ಲೆಯ ಬಳಾಲ್ ಎಂಬ ಹಳ್ಳಿಯಲ್ಲಿ ಒಂದು ಕಾಲಕ್ಕೆ ಬೀಡಿ ಕಟ್ಟುತ್ತಿದ್ದ ಸುರೇಂದ್ರನ್ ಕೆ. ಪಟ್ಟೇಲ್ ಎಂಬವರು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನ್ಯಾಯಾಧೀಶರಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ನಾವೂ ಅದನ್ನು ಓದಿ ಸಂತೋಷಪಟ್ಟೆವು. ಉಡುಪಿ, ಮಂಗಳೂರು, ಕಾಸರಗೋಡಿನ ಉದ್ದಕ್ಕೂ ಬೀಡಿಯ ಕೂಲಿಯಲ್ಲೇ ಮಕ್ಕಳ ಶಾಲೆಯ ಫೀಸು ಕಟ್ಟಿದ ಮನೆಗಳೆಷ್ಟಿವೆ! ಆ ಮನೆಗಳಲ್ಲಿ ಮುಸ್ಲಿಮರವೂ ಇವೆ, ಬಿಲ್ಲವರವೂ ಇವೆ, ದಲಿತರವೂ ಇವೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸುವ ತಾಯಂದಿರಿಗೆ ಈ ಸುದ್ದಿ ದೂರದ ಅಮೆರಿಕದ್ದೆಂದು ಅನಿಸಿರಲಾರದು.

ಅವರ ಬದುಕಿನ ಕಥೆಯೂ ಸಾಮಾನ್ಯದ್ದಲ್ಲ. ತಂದೆ ತಾಯಿ ದಿನಗೂಲಿಯವರು. ಹತ್ತನೆಯ ತರಗತಿಯ ನಂತರ ಓದು ನಿಂತಿತು. ಒಂದು ವರ್ಷ ಪೂರ್ತಿ ಬೀಡಿ ಕಟ್ಟುವುದೇ ಕೆಲಸವಾಯಿತು. ಮತ್ತೆ ಕಾಲೇಜು ಸೇರಿದಾಗಲೂ ಕೆಲಸ ಬಿಡುವಂತಿರಲಿಲ್ಲ. ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲು ಅಧ್ಯಾಪಕರು ಒಪ್ಪದಿದ್ದಾಗ, ಒಂದು ಅವಕಾಶ ಕೊಡಿ, ಒಳ್ಳೆಯ ಅಂಕ ಬಾರದಿದ್ದರೆ ನಾನೇ ಕಾಲೇಜು ಬಿಡುತ್ತೇನೆ ಎಂದು ಬೇಡಿಕೊಂಡರಂತೆ. ಫಲಿತಾಂಶ ಬಂದಾಗ ಅವರೇ ಮೊದಲಿಗರು. ಕೋಝಿಕ್ಕೋಡಿನ ಸರಕಾರಿ ಕಾನೂನು ಕಾಲೇಜಿನಲ್ಲಿ ಓದುವಾಗ ಹೋಟೆಲೊಂದರಲ್ಲಿ ಕೆಲಸ ಮಾಡಿದರು. ಹೊಸದುರ್ಗದಲ್ಲಿ ವಕೀಲಿ ವೃತ್ತಿ ಆರಂಭಿಸಿ, ಮುಂದೆ ದೆಹಲಿಗೆ ಹೋಗಿ, ಶುಶ್ರೂಷಕಿಯಾಗಿರುವ ಪತ್ನಿಯೊಂದಿಗೆ 2007ರಲ್ಲಿ ಹೂಸ್ಟನ್ ಸೇರಿದರು. ಅಲ್ಲಿ ಆರಂಭದಲ್ಲಿ ದಿನಸಿ ಅಂಗಡಿಯ ಕೆಲಸ. ಬಳಿಕ ಟೆಕ್ಸಾಸ್ ವಕೀಲರ ಪರೀಕ್ಷೆ, ಹೂಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಉನ್ನತ ಪದವಿ, 2017ರಲ್ಲಿ ಅಮೆರಿಕದ ಪೌರತ್ವ. ಪೌರತ್ವ ಸಿಕ್ಕ ಆರನೆಯ ವರ್ಷಕ್ಕೆ ನ್ಯಾಯಪೀಠ.

ಆದರೆ ನಮ್ಮ ವರದಿಗಳಲ್ಲಿ ಬೀಡಿಗೆ ಸಿಕ್ಕಷ್ಟು ಜಾಗ ಇನ್ನೊಂದು ಸಂಗತಿಗೆ ಸಿಗಲಿಲ್ಲ. ಪಟ್ಟೇಲರನ್ನು ಯಾರೂ ನೇಮಿಸಿದ್ದಲ್ಲ. ಅವರು ಚುನಾವಣೆಗೆ ನಿಂತು, ಜನರ ಬಳಿ ಮತ ಕೇಳಿ ಗೆದ್ದವರು. 2020ರಲ್ಲಿ ಒಮ್ಮೆ ಸ್ಪರ್ಧಿಸಿ ಸೋತಿದ್ದರು. 2022ರಲ್ಲಿ ಮತ್ತೆ ನಿಂತು, ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ತಮ್ಮದೇ ಪಕ್ಷದ ಹಾಲಿ ನ್ಯಾಯಾಧೀಶರನ್ನು ಸೋಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ವಿರುದ್ಧ ಗೆದ್ದು, ಫೋರ್ಟ್ ಬೆಂಡ್ ಕೌಂಟಿಯ 240ನೆಯ ಡಿಸ್ಟ್ರಿಕ್ಟ್ ನ್ಯಾಯಾಲಯಕ್ಕೆ ನಾಲ್ಕು ವರ್ಷದ ಅವಧಿಗೆ ಬಂದರು. ಪಕ್ಷ, ಟಿಕೆಟ್, ಪ್ರಚಾರ, ನಿಧಿ ಸಂಗ್ರಹ, ಎದುರಾಳಿ, ಮತ ಎಣಿಕೆ ಎಲ್ಲವೂ ಇರುವ ನಿಜವಾದ ಚುನಾವಣೆ.

ನಮ್ಮ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಜಿಲ್ಲಾ ನ್ಯಾಯಾಧೀಶರ ಕಾರಿಗೆ ಪಕ್ಷದ ಬಾವುಟ ಕಟ್ಟಿದ್ದನ್ನು ನಾವು ಊಹಿಸಲೂ ಆರೆವು. ಆದುದರಿಂದಲೇ ಈ ಸುದ್ದಿಯನ್ನು ಬರಿಯ ಯಶಸ್ಸಿನ ಕಥೆಯಾಗಿ ಓದಿ ಮಡಚಿಡುವುದು ನಷ್ಟ. ನ್ಯಾಯಾಧೀಶನನ್ನು ಜನ ಆರಿಸಿದರೆ ಏನಾಗುತ್ತದೆ? ಬಡವನಿಗೆ, ಅಲ್ಪಸಂಖ್ಯಾತನಿಗೆ ಅದರಿಂದ ಒಳಿತೋ ಕೆಡುಕೋ?

ಬಾಗಿಲು ತೆರೆದ ಮತಪತ್ರ

ಅಮೆರಿಕದ ಕೇಂದ್ರ ಸರಕಾರದ ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಾರೆ. ಸೆನೆಟ್ ಒಪ್ಪಿಗೆ ಕೊಟ್ಟ ಮೇಲೆ ಅವರು ಬದುಕಿರುವಷ್ಟು ಕಾಲ ಹುದ್ದೆಯಲ್ಲಿರಬಹುದು. ಆದರೆ ಕೊಲೆ, ದರೋಡೆ, ವಿಚ್ಛೇದನ, ಜಮೀನು, ಸಾಲ ಮುಂತಾಗಿ ಸಾಮಾನ್ಯ ಜನರ ಬಹುಪಾಲು ವ್ಯಾಜ್ಯಗಳು ಹೋಗುವುದು ರಾಜ್ಯಗಳ ನ್ಯಾಯಾಲಯಗಳಿಗೆ. ಹೆಚ್ಚಿನ ರಾಜ್ಯಗಳಲ್ಲಿ ಆ ನ್ಯಾಯಾಧೀಶರು ಒಂದಲ್ಲ ಒಂದು ಬಗೆಯಲ್ಲಿ ಮತದಾರರ ಮುಂದೆ ಹೋಗಬೇಕು. ಕೆಲವು ರಾಜ್ಯಗಳಲ್ಲಿ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಕೆಲವೆಡೆ ನೇಮಕಗೊಂಡವರನ್ನು ಮುಂದುವರಿಸಬೇಕೇ ಬೇಡವೇ ಎಂದಷ್ಟೇ ಕೇಳುತ್ತಾರೆ. ಟೆಕ್ಸಾಸಿನಲ್ಲಿ ಪಕ್ಷದ ಹೆಸರಿನಲ್ಲೇ ಹೋರಾಟ.

ಇದು ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ರಾಜ್ಯಪಾಲರೂ ಶಾಸಕರೂ ತಮ್ಮ ಬಂಟರನ್ನೂ ನೆಂಟರನ್ನೂ ನ್ಯಾಯಪೀಠದ ಮೇಲೆ ಕೂರಿಸುತ್ತಾರೆ ಎಂಬ ಬೇಸರ 19ನೆಯ ಶತಮಾನದ ಅಮೆರಿಕದಲ್ಲಿ ಬೆಳೆದಿತ್ತು. ಎಲ್ಲ ನ್ಯಾಯಾಧೀಶರನ್ನೂ ಜನರೇ ಆರಿಸಲಿ ಎಂದು 1832ರಲ್ಲಿ ಮಿಸಿಸಿಪ್ಪಿ ರಾಜ್ಯ ತೀರ್ಮಾನಿಸಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಬಳಿಕ ಒಂದೊಂದಾಗಿ ಇನ್ನೂ ಅನೇಕ ರಾಜ್ಯಗಳು. ಅಧಿಕಾರಸ್ಥರ ಹಿಡಿತದಿಂದ ನ್ಯಾಯಾಧೀಶನನ್ನು ಬಿಡಿಸುವುದೇ ಚುನಾವಣೆಯ ಗುರಿಯಾಗಿತ್ತು. ಮಿಸಿಸಿಪ್ಪಿಯ ಆ ಜನರಲ್ಲಿ ಗುಲಾಮರಾಗಿದ್ದ ಕರಿಯರು ಸೇರಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಇಂದು ಅದೇ ಮತಪತ್ರ ಹಿಂದೆ ಮುಚ್ಚಿದ್ದ ಬಾಗಿಲುಗಳನ್ನು ತೆರೆದಿದೆ. ಪಟ್ಟೇಲರ ಇಂಗ್ಲಿಷಿನ ಉಚ್ಚಾರವನ್ನು ಹಿಡಿದು ಚುನಾವಣೆಯಲ್ಲಿ ಆಡಿಕೊಂಡವರಿದ್ದರು; ಸ್ವಂತ ಪಕ್ಷದವರೇ ಇವರು ಗೆಲ್ಲುತ್ತಾರೆಂದು ನಂಬಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ನೇಮಕ ಸಮಿತಿಯೊಂದು ಕೋಣೆಯೊಳಗೆ ಕುಳಿತು ತೀರ್ಮಾನಿಸುತ್ತಿದ್ದರೆ, ಬೀಡಿಯ ಹಳ್ಳಿಯಿಂದ ಬಂದು ಪೌರತ್ವ ಪಡೆದು ಆರು ವರ್ಷವೂ ತುಂಬದ ಈ ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಇರುತ್ತಿತ್ತೇ? ಫೋರ್ಟ್ ಬೆಂಡ್ 8 ಲಕ್ಷಕ್ಕೂ ಮಿಕ್ಕಿದ ಜನರಿರುವ ಕೌಂಟಿ. ಬಿಳಿಯರು, ಕರಿಯರು, ಲ್ಯಾಟಿನೋಗಳು, ಏಷ್ಯದವರು ಎಲ್ಲರೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ಉಚ್ಚಾರವನ್ನು ಬದಿಗಿಟ್ಟು ಮತ ಹಾಕಿದರು.

ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹೂಸ್ಟನ್ ನಗರವಿರುವಲ್ಲಿ, 2018ರಲ್ಲಿ 17 ಮಂದಿ ಕರಿಯ ಮಹಿಳೆಯರು ಒಂದೇ ಚುನಾವಣೆಯಲ್ಲಿ ನ್ಯಾಯಾಧೀಶೆಯರಾಗಿ ಆರಿಸಿಬಂದರು. 2015ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಚುನಾಯಿತರಾದ ಕ್ಯಾರೊಲಿನ್ ವಾಕರ್-ಡಿಯಾಲೊ ಎಂಬ ಮುಸ್ಲಿಮ್ ಮಹಿಳೆ ಕುರ್‌ಆನ್ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. ಅವರು ಪ್ರಮಾಣ ಮಾಡಿದ್ದು ಅಮೆರಿಕದ ಸಂವಿಧಾನವನ್ನು ಎತ್ತಿಹಿಡಿಯುವುದಾಗಿ. ಆದರೂ ಇನ್ನು ಶರೀಅತ್ ಕಾನೂನು ಬರುತ್ತದೆ ಎಂಬ ಗುಲ್ಲು ಇಂಟರ್‌ನೆಟ್ಟಿನ ತುಂಬ ಹರಡಿತು. ಗುಲ್ಲೆಬ್ಬಿಸಿದವರ ಕೈಯಲ್ಲಿ ಬ್ರೂಕ್ಲಿನ್‌ನ ಮತ ಇರಲಿಲ್ಲ. ಅವರು ಪೀಠದಲ್ಲಿ ಕುಳಿತೇ ಕುಳಿತರು.

ಇಷ್ಟನ್ನು ನೋಡಿ ಚುನಾವಣೆಯೇ ಸರಿ ಎನ್ನುವ ಮನಸ್ಸಾಗುತ್ತದೆ. ಆದರೆ ಹ್ಯಾರಿಸ್ ಕೌಂಟಿಯ ಅದೇ 2018ರ ಫಲಿತಾಂಶವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಅಲ್ಲಿ ಸ್ಪರ್ಧೆಯಿದ್ದ 59 ನ್ಯಾಯಪೀಠಗಳಲ್ಲಿ 59ನ್ನೂ ಡೆಮಾಕ್ರಟರು ಗೆದ್ದರು. ಸೋತ ರಿಪಬ್ಲಿಕನ್ ನ್ಯಾಯಾಧೀಶರೆಲ್ಲರೂ ಕೆಟ್ಟವರೇ? ಗೆದ್ದವರೆಲ್ಲರೂ ಸಮರ್ಥರೇ? ಉದ್ದನೆಯ ಮತಪತ್ರದಲ್ಲಿ ಹತ್ತಾರು ನ್ಯಾಯಾಧೀಶರ ಹೆಸರುಗಳಿದ್ದರೆ ಯಾವ ಮತದಾರನೂ ಒಬ್ಬೊಬ್ಬರನ್ನಾಗಿ ತೂಗಿ ನೋಡಲಾರ. ಆಗ ಟೆಕ್ಸಾಸಿನಲ್ಲಿ ಒಂದೇ ಗುರುತು ಹಾಕಿ ಒಂದು ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಕೊಡುವ ಸೌಲಭ್ಯವಿತ್ತು; 2020ರ ಚುನಾವಣೆಯಿಂದ ಅದನ್ನು ತೆಗೆದುಹಾಕಿದರು. ರಾಜ್ಯ 2019ರಲ್ಲಿ ನೇಮಿಸಿದ ಆಯೋಗದ ಸದಸ್ಯರಲ್ಲಿ ಹೆಚ್ಚಿನವರು ಪಕ್ಷದ ಹೆಸರಿನಲ್ಲಿ ನ್ಯಾಯಾಧೀಶರನ್ನು ಆರಿಸುವುದು ಬೇಡವೆಂದರು. ಪದ್ಧತಿ ಮಾತ್ರ ಬದಲಾಗಲಿಲ್ಲ. 2022ರಲ್ಲಿ ಪಟ್ಟೇಲರು ಗೆದ್ದದ್ದು ಪಕ್ಷದ ಹೆಸರಿನಲ್ಲೇ.

ಕೋಣೆಯೊಳಗೆ ಬಂದ ಮತದಾರ

ಗೆದ್ದ ಮೇಲೆ ಏನಾಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ.

ಚುನಾವಣೆಗೆ ಹಣ ಬೇಕು. ಫ್ಲಾರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲಿ ಲ್ಯಾನೆಲ್ ವಿಲಿಯಮ್ಸ್-ಯೂಲೀ ಎಂಬ ವಕೀಲೆ ಸ್ಥಳೀಯ ನ್ಯಾಯಾಧೀಶರ ಹುದ್ದೆಗೆ ಸ್ಪರ್ಧಿಸಿದಾಗ ದೇಣಿಗೆ ಕೇಳಿ ತಮ್ಮ ಸಹಿಯಿರುವ ಪತ್ರ ಕಳುಹಿಸಿದರು. ಅಭ್ಯರ್ಥಿ ತಾನೇ ನೇರವಾಗಿ ಹಣ ಕೇಳಬಾರದೆಂಬ ನಿಯಮ ಅಲ್ಲಿತ್ತು. ಇದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅವರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರಲ್ಲಿ ನ್ಯಾಯಾಲಯ 5-4ರ ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ಮತದಿಂದ ಬಂದರೂ ನ್ಯಾಯಾಧೀಶ ರಾಜಕಾರಣಿಯಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ತರ್ಕದ ತಿರುಳು. ಮಾತು ಚೆನ್ನಾಗಿದೆ. ಆದರೆ ಅಭ್ಯರ್ಥಿ ಕೇಳಬಾರದು, ಅಭ್ಯರ್ಥಿಯ ಸಮಿತಿ ಕೇಳಬಹುದು. ಕೊಡುವವರಲ್ಲಿ ವಕೀಲರೂ ಇರುತ್ತಾರೆ. ನಾಳೆ ಅದೇ ನ್ಯಾಯಾಧೀಶರ ಮುಂದೆ ನಿಂತು ವಾದಿಸುವ ವಕೀಲರು. ಎದುರು ಪಕ್ಷದ ಕಕ್ಷಿಗಾರನ ಎದೆ ಆಗ ಹೇಗೆ ಬಡಿದುಕೊಳ್ಳಬಹುದು?

ಹಣದ ಭಯ ಕಣ್ಣಿಗೆ ಕಾಣುತ್ತದೆ. ಮತದ ಭಯ ಕಾಣುವುದಿಲ್ಲ. ಗ್ರೆಗರಿ ಹ್ಯೂಬರ್ ಮತ್ತು ಸ್ಯಾನ್‌ಫರ್ಡ್ ಗಾರ್ಡನ್ ಎಂಬ ಇಬ್ಬರು ವಿದ್ವಾಂಸರು ಪೆನ್ಸಿಲ್ವೇನಿಯ ರಾಜ್ಯದ ವಿಚಾರಣಾ ನ್ಯಾಯಾಲಯಗಳು ವಿಧಿಸಿದ 22,000ಕ್ಕೂ ಹೆಚ್ಚು ಶಿಕ್ಷೆಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚುನಾವಣೆ ಹತ್ತಿರವಾದಂತೆ ನ್ಯಾಯಾಧೀಶರು ಕೊಡುವ ಜೈಲು ಶಿಕ್ಷೆಯ ಅವಧಿ ಬೆಳೆಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅದೇ ಅಪರಾಧ, ಅದೇ ನ್ಯಾಯಾಧೀಶ. ಪ್ರಕರಣ ಚುನಾವಣೆಯ ಮರುವರ್ಷ ಬಂದರೆ ಕಡಿಮೆ ಶಿಕ್ಷೆ, ಚುನಾವಣೆಯ ಹೊಸ್ತಿಲಲ್ಲಿ ಬಂದರೆ ಹೆಚ್ಚು. ಕಾರಣ ಸರಳ. ಮೃದುವಾದ ಶಿಕ್ಷೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಎದುರಾಳಿಯ ಜಾಹೀರಾತಾಗುತ್ತದೆ. ಅನಗತ್ಯವಾಗಿ ಕಠಿಣವಾದ ಶಿಕ್ಷೆಯ ಬಗ್ಗೆ ಯಾರೂ ಪ್ರಚಾರ ಮಾಡುವುದಿಲ್ಲ. ಜೈಲಿಗೆ ಹೋದವನ ಮತಕ್ಕೆ ಬೆಲೆಯೂ ಇಲ್ಲ.

ಅಲಬಾಮಾದ ಕಥೆ ಇನ್ನೂ ಭಯಂಕರ. ಅಲ್ಲೂ ವಿಚಾರಣಾ ನ್ಯಾಯಾಧೀಶರು ಪಕ್ಷದ ಹೆಸರಿನಲ್ಲೇ ಆರಿಸಿಬರುತ್ತಾರೆ. ಜ್ಯೂರಿ ಜೀವಾವಧಿ ಶಿಕ್ಷೆ ಸಾಕೆಂದರೂ ಅದನ್ನು ತಳ್ಳಿಹಾಕಿ ಮರಣದಂಡನೆ ವಿಧಿಸುವ ಅಧಿಕಾರ ದಶಕಗಳ ಕಾಲ ಅವರಿಗಿತ್ತು. ಸುಮಾರು ನೂರು ಮಂದಿಯ ವಿಷಯದಲ್ಲಿ ಅವರು ಹಾಗೆಯೇ ಮಾಡಿದರು. 2013ರಲ್ಲಿ ಇಂತಹ ಒಂದು ಪ್ರಕರಣದಲ್ಲಿ ಭಿನ್ನಮತ ಬರೆದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸೋನಿಯಾ ಸೋಟೊಮೇಯರ್, ಇದಕ್ಕೆ ಚುನಾವಣೆಯ ಒತ್ತಡವೇ ಕಾರಣವೆಂದು ಕಾಣುತ್ತದೆ ಎಂದರು. ಆ ಪ್ರಕರಣದಲ್ಲಿ ಜ್ಯೂರಿಯ ಎಂಟು ಮಂದಿ ಆರೋಪಿಯ ಜೀವ ಉಳಿಸಲು ಹೇಳಿದ್ದರು, ನಾಲ್ವರು ಬೇಡವೆಂದಿದ್ದರು. ನ್ಯಾಯಾಧೀಶರು ಮರಣದಂಡನೆ ಕೊಟ್ಟರು. 2017ರಲ್ಲಿ ಅಲಬಾಮಾ ಆ ಅಧಿಕಾರವನ್ನು ತೆಗೆದುಹಾಕಿತು.

ಒಂದು ಸಿಟ್ಟು, ಅದರ ಬೆಲೆ

ಹಾಗಾದರೆ ಜನರ ಸಿಟ್ಟಿಗೆ ಅರ್ಥವೇ ಇಲ್ಲವೇ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಕ್ಯಾಲಿಫೋರ್ನಿಯದ ಆರನ್ ಪರ್ಸ್ಕಿ ಎಂಬ ನ್ಯಾಯಾಧೀಶರ ವೃತ್ತಿಜೀವನವನ್ನು ನೋಡಿದರೆ ಅದು ಗೊತ್ತಾಗುತ್ತದೆ. 2002ರಲ್ಲಿ ಅವರು ಸಾಂಟಾ ಕ್ಲಾರಾ ಕೌಂಟಿಯ ನ್ಯಾಯಾಧೀಶ ಸ್ಥಾನಕ್ಕೆ ಚುನಾವಣೆಯಲ್ಲಿ ನಿಂತು ಸೋತರು. 2003ರಲ್ಲಿ ರಾಜ್ಯದ ಗವರ್ನರ್ ಅವರನ್ನು ಅದೇ ಕೌಂಟಿಯ ನ್ಯಾಯಾಲಯಕ್ಕೆ ನೇಮಿಸಿದರು. 2016ರ ಜೂನ್ ತಿಂಗಳಲ್ಲಿ ಎದುರಾಳಿಯೇ ಇಲ್ಲದೆ ಮತ್ತೆ ಆಯ್ಕೆಯಾದರು.

ಅದೇ ಜೂನ್ ತಿಂಗಳ ಮೊದಲಲ್ಲಿ ಅವರು ಒಂದು ಶಿಕ್ಷೆ ಪ್ರಕಟಿಸಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ವಿದ್ಯಾರ್ಥಿಗೆ ಆರು ತಿಂಗಳ ಜೈಲು. ಈಜಿನಲ್ಲಿ ಹೆಸರು ಮಾಡಿದ್ದ ಬಿಳಿಯ ಯುವಕ ಆತ. ಮೂರೇ ತಿಂಗಳಲ್ಲಿ ಹೊರಬಂದ. ಆ ಯುವತಿ ನ್ಯಾಯಾಲಯದಲ್ಲಿ ಓದಿದ ಹೇಳಿಕೆಯನ್ನು ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಓದಿದರು. ಹೆಣ್ಣಿನ ನೋವನ್ನು ಇಷ್ಟು ಹಗುರವಾಗಿ ತೂಗಬಹುದೇ? ಜನ ಕೆರಳಿದ್ದು ಸರಿಯಾಗಿಯೇ ಇತ್ತು. ಶಿಕ್ಷೆ ನೀಡಿದ್ದು ಪ್ರೊಬೇಷನ್ ಇಲಾಖೆಯ ಶಿಫಾರಸಿನಂತೆ, ಇದರಲ್ಲಿ ದುರ್ವರ್ತನೆಯಿಲ್ಲ ಎಂದು ನ್ಯಾಯಾಂಗದ ಶಿಸ್ತು ಆಯೋಗ ಹೇಳಿತು. ಆದರೂ ಚಳವಳಿ ನಿಲ್ಲಲಿಲ್ಲ. 2018ರ ಜೂನ್ 5ರಂದು ನಡೆದ ಮತದಾನದಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಅವರನ್ನು ಕೆಳಗಿಳಿಸಬೇಕೆಂದರು. 80 ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೀಗೆ ಹುದ್ದೆ ಕಳೆದುಕೊಂಡ ಮೊದಲ ನ್ಯಾಯಾಧೀಶರು ಅವರು.

ಮತದಾನಕ್ಕೆ ಮೊದಲೇ ಎಚ್ಚರಿಸಿದವರಿದ್ದರು. ಬಡ ಆರೋಪಿಗಳ ಪರವಾಗಿ ವಾದಿಸುವ ಸರಕಾರಿ ವಕೀಲರಲ್ಲಿ ಅನೇಕರು ಈ ಚಳವಳಿಗೆ ವಿರುದ್ಧವಾಗಿದ್ದರು. ಶ್ರೀಮಂತರ ಮನೆಯ ಬಿಳಿಯ ಹುಡುಗನ ಮೇಲಿನ ಸಿಟ್ಟು ಕೊನೆಗೆ ಕರಿಯರ, ಲ್ಯಾಟಿನೋಗಳ ಮಕ್ಕಳ ಬೆನ್ನ ಮೇಲೆ ಬೀಳುತ್ತದೆ ಎಂದು ಅವರು ಹೇಳಿದರು. ಮುಂದೆ ಗಾರ್ಡನ್ ಮತ್ತು ಸಿಡಕ್ ಇಂಟಿಸೊ ಎಂಬ ಸಂಶೋಧಕರು ಆ ರಾಜ್ಯದ ಆರು ಕೌಂಟಿಗಳ ದಾಖಲೆಗಳನ್ನು ನೋಡಿದರು. ಪರ್ಸ್ಕಿ ವಿರುದ್ಧದ ಚಳವಳಿ ಘೋಷಣೆಯಾದೊಡನೆ ಉಳಿದ ನ್ಯಾಯಾಧೀಶರ ಶಿಕ್ಷೆಗಳು ಒಮ್ಮೆಗೇ ಬಿಗಿಯಾಗಿದ್ದವು. ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ ಎದ್ದ ಚಳವಳಿಯ ಶಿಕ್ಷೆಯನ್ನು ಅದಕ್ಕೆ ಸಂಬಂಧವೇ ಇಲ್ಲದವರು ಉಂಡರು.

ನಾವು ಆ ಮತದಾರರನ್ನು ದೂಷಿಸುತ್ತಿಲ್ಲ. ನಮ್ಮಲ್ಲೂ ಅತ್ಯಾಚಾರದ ಪ್ರಕರಣಗಳಲ್ಲಿ ಶಿಕ್ಷೆ ಹಗುರವಾದಾಗ, ಶಿಕ್ಷೆಗೊಳಗಾದವರನ್ನು ಅವಧಿಗೆ ಮೊದಲೇ ಬಿಡುಗಡೆ ಮಾಡಿ ಹೂಮಾಲೆ ಹಾಕಿದಾಗ ನಮ್ಮ ರಕ್ತವೂ ಕುದಿದಿದೆ. ಆದರೆ ಸಿಟ್ಟು ಸರಿಯಾಗಿದ್ದರೂ ಅದನ್ನು ನ್ಯಾಯಾಧೀಶನ ಕುತ್ತಿಗೆಗೆ ಕಟ್ಟಿದ ಹಗ್ಗ ಮಾಡಿದರೆ, ಆ ಹಗ್ಗವನ್ನು ನಾಳೆ ಎಳೆಯುವವರು ಬೇರೆಯವರೇ ಆಗಿರುತ್ತಾರೆ.

ಹುದ್ದೆಗೆ ಹೆದರಿದವರು

ಇಸ್ಲಾಮೀ ಪರಂಪರೆಯಲ್ಲಿ ನ್ಯಾಯಾಧೀಶನ ಪೀಠದ ಬಗ್ಗೆ ಇರುವಷ್ಟು ಭಯ ಬೇರೆ ಯಾವ ಹುದ್ದೆಯ ಬಗ್ಗೆಯೂ ಇದ್ದಂತಿಲ್ಲ. ನ್ಯಾಯಾಧೀಶರು ಮೂರು ವಿಧ, ಅವರಲ್ಲಿ ಇಬ್ಬರು ನರಕಕ್ಕೆ, ಒಬ್ಬನೇ ಸ್ವರ್ಗಕ್ಕೆ ಎಂಬ ಅರ್ಥದ ಪ್ರವಾದಿವಚನವಿದೆ. ಅಧಿಕಾರವನ್ನು ಬಯಸಿ ಕೇಳುವವರಿಗೆ ಅದನ್ನು ವಹಿಸಬಾರದೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಅಬ್ಬಾಸೀ ಖಲೀಫ ಮನ್ಸೂರ್ ಖಾಝಿಯ ಹುದ್ದೆ ಕೊಡಲು ಬಂದಾಗ ಇಮಾಮ್ ಅಬೂ ಹನೀಫಾ(ರ) ತಾನು ಅದಕ್ಕೆ ಅರ್ಹನಲ್ಲ ಎಂದರು. ನೀನು ಸುಳ್ಳು ಹೇಳುತ್ತಿದ್ದೀ ಎಂದ ಖಲೀಫ. ಹಾಗಾದರೆ ಸುಳ್ಳುಗಾರನನ್ನು ಖಾಝಿ ಮಾಡಬಹುದೇ ಎಂದು ಇಮಾಮರು ತಿರುಗಿ ಕೇಳಿದರೆಂದು ಪ್ರತೀತಿ. ಅವರಿಗೆ ಸಿಕ್ಕಿದ್ದು ಸೆರೆಮನೆ.

ಆದರೆ ಪರಂಪರೆ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ಇಮಾಮರ ಶಿಷ್ಯ ಅಬೂ ಯೂಸುಫ್(ರ), ಹಾರೂನ್ ರಶೀದನ ಕಾಲದಲ್ಲಿ ಪ್ರಧಾನ ಖಾಝಿಯಾದರು. ಈಜಿಪ್ಟಿನ ಕಣಜಗಳ ಹೊಣೆಯನ್ನು ತನಗೆ ಕೊಡಬೇಕೆಂದು ಪ್ರವಾದಿ ಯೂಸುಫ್(ಅ) ತಾವಾಗಿ ಕೇಳಿದ್ದನ್ನು ಕುರ್‌ಆನ್ ಹೇಳುತ್ತದೆ. ಅರ್ಹರೆಲ್ಲರೂ ಹಿಂಜರಿದರೆ ಪೀಠ ಅನರ್ಹರ ಪಾಲಾಗುತ್ತದೆ. ಹುದ್ದೆಯನ್ನು ಬಯಸಬಾರದು ಎಂಬುದನ್ನು ನಮ್ಮ ಸಮುದಾಯ ಎಷ್ಟೋ ಸಲ ಸೋಮಾರಿತನಕ್ಕೆ ನೆಪ ಮಾಡಿಕೊಂಡಿದೆ. ಪಟ್ಟೇಲರು ಮತ ಕೇಳಿದ್ದರಲ್ಲಿ, ವಾಕರ್-ಡಿಯಾಲೊ ಸ್ಪರ್ಧಿಸಿದ್ದರಲ್ಲಿ ನಾವು ತಪ್ಪು ಕಾಣುವುದಿಲ್ಲ.

ಪರಂಪರೆ ಕಲಿಸುವ ನಿಜವಾದ ಪಾಠ ಇನ್ನೊಂದು ಕಥೆಯಲ್ಲಿದೆ. ಖಲೀಫರಾಗಿದ್ದ ಹಝ್ರತ್ ಅಲೀ(ರ) ತಮ್ಮ ಕಳೆದುಹೋದ ಕವಚ ಒಬ್ಬ ಯಹೂದಿಯ ಬಳಿ ಇದೆಯೆಂದು ಖಾಝಿ ಶುರೈಹ್‌ರ ಮುಂದೆ ಬಂದರಂತೆ. ಸಾಕ್ಷಿಯಾಗಿ ಮಗನನ್ನು ನಿಲ್ಲಿಸಿದರು. ತಂದೆಯ ಪರವಾಗಿ ಮಗನ ಸಾಕ್ಷ್ಯ ನಡೆಯದು ಎಂದು ಖಾಝಿ, ತನ್ನನ್ನು ಹುದ್ದೆಯಿಂದ ತೆಗೆಯಬಲ್ಲ ಖಲೀಫರ ವಿರುದ್ಧವೇ ತೀರ್ಪು ಕೊಟ್ಟರು. ಈ ಕಥೆಯಲ್ಲಿ ಶುರೈಹ್‌ರನ್ನು ನೇಮಿಸಿದವರಾರು ಎಂದು ಯಾರೂ ಕೇಳುವುದಿಲ್ಲ. ಅವರು ಯಾರಿಗೆ ಹೆದರಲಿಲ್ಲ ಎಂಬುದೇ ಕಥೆ. ಅಂದು ತೆಗೆಯುವ ಕೈ ಖಲೀಫರದ್ದು. ಚುನಾವಣೆಯಿರುವಲ್ಲಿ ತೆಗೆಯುವ ಕೈ ಬಹುಸಂಖ್ಯಾತರದ್ದು. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಕುರ್‌ಆನ್‌ನ ಆಜ್ಞೆ ಎರಡು ಕಾಲಕ್ಕೂ ಒಂದೇ.

ನಮ್ಮ ಅಂಗಳ

ಇನ್ನು ನಮ್ಮ ಕಡೆಗೆ ನೋಡೋಣ. ನಮ್ಮ ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರು ಮತ ಕೇಳಬೇಕಾಗಿದ್ದರೆ? ಕೋಮುಗಲಭೆಯ ಪ್ರಕರಣದಲ್ಲಿ ಜಾಮೀನು ಕೊಡುವ ಮೊದಲು, ಗೋಸಾಗಾಟದ ಆರೋಪದಲ್ಲಿ ಸಿಕ್ಕಿಬಿದ್ದ ಬಡ ಚಾಲಕನನ್ನು ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡುವ ಮೊದಲು ಅವರು ಮುಂದಿನ ಚುನಾವಣೆಯ ಭಾಷಣಗಳನ್ನು ನೆನೆಯಬೇಕಾಗುತ್ತಿತ್ತು. ಊಹಿಸಿದರೆ ಮೈ ಜುಮ್ಮೆನ್ನುತ್ತದೆ. ಈ ದೃಷ್ಟಿಯಿಂದ ನಮ್ಮ ಸಂವಿಧಾನ ನಿರ್ಮಾಪಕರು ನ್ಯಾಯಪೀಠವನ್ನು ಮತಪೆಟ್ಟಿಗೆಯಿಂದ ದೂರ ಇಟ್ಟದ್ದು ಅಲ್ಪಸಂಖ್ಯಾತರ ಮಟ್ಟಿಗೆ ದೊಡ್ಡ ರಕ್ಷಣೆ.

ಆದರೆ ದೂರವಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೇ? ಪಟ್ಟೇಲರಿಗೆ ತೆರೆದ ಬಾಗಿಲು ನಮ್ಮಲ್ಲಿ ಎಷ್ಟು ತೆರೆದಿದೆ? ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರ ನೇಮಕ ಹೈಕೋರ್ಟ್ ನಡೆಸುವ ಪರೀಕ್ಷೆ ಮತ್ತು ಸಂದರ್ಶನದಿಂದ ಆಗುತ್ತದೆ. ಪರೀಕ್ಷೆ ಎಂಬುದು ಬಡವನ ಮಿತ್ರ. ಅಲ್ಲಿ ಮನೆತನ ಕೇಳುವುದಿಲ್ಲ. ತಿರುವಿದಾಂಕೂರಿನಲ್ಲಿ ಹುಟ್ಟಿದ ಎಂ. ಫಾತಿಮಾ ಬೀವಿ 1958ರಲ್ಲಿ ಮುನ್ಸಿಫರಾಗಿ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, ಸಬ್ ಜಡ್ಜ್, ಜಿಲ್ಲಾ ನ್ಯಾಯಾಧೀಶೆ, ಹೈಕೋರ್ಟ್ ನ್ಯಾಯಮೂರ್ತಿ ಎಂದು ಏರುತ್ತ 1989ರಲ್ಲಿ ದೇಶದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಅವರು ಯಾರ ಮತವನ್ನೂ ಕೇಳಲಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ಅನುಭವ ಬೇಕೆನ್ನುವುದು ನ್ಯಾಯವೇ. ಹಿರಿಯ ವಕೀಲರ ಕಚೇರಿಯಲ್ಲಿ ಮೂರು ವರ್ಷ ಬಸ್ಸಿನ ದುಡ್ಡಿಗೂ ಸಾಲದ ಆದಾಯದಲ್ಲಿ ಕಳೆಯಲು ಬೀಡಿ ಕಟ್ಟುವ ಮನೆಯ ಹುಡುಗಿಗೆ ಸಾಧ್ಯವೇ ಎಂದು ಕೇಳುವುದೂ ನ್ಯಾಯವೇ. ಇನ್ನು ಮೇಲಿನ ನ್ಯಾಯಾಲಯಗಳ ನೇಮಕ ಕೊಲಿಜಿಯಂನ ಮುಚ್ಚಿದ ಕೋಣೆಯಲ್ಲಿ. ಅಲ್ಲಿ ಯಾರ ಹೆಸರು ಏಕೆ ಬಿಟ್ಟುಹೋಯಿತೆಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ.

ಮತದ ಭಯವಿಲ್ಲದಿದ್ದರೂ ಬೇರೆ ಆಸೆಗಳು ಇಲ್ಲದಿಲ್ಲ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಬಿಜೆಪಿ ಸೇರಿ, ಅದೇ ವರ್ಷ ಲೋಕಸಭೆಗೆ ಗೆದ್ದರು. ನಮ್ಮ ಮೂಡುಬಿದಿರೆಯ ಕಡೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ 2023ರ ಜನವರಿ 4ರಂದು ಸುಪ್ರೀಂ ಕೋರ್ಟಿನಿಂದ ನಿವೃತ್ತರಾದರು. ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕಗೊಂಡರು. ಅವರು ನಮ್ಮವರೆಂದು ನಾವು ಈ ಪ್ರಶ್ನೆಯನ್ನು ನುಂಗಿಕೊಳ್ಳಲಾರೆವು. ನಾವು ಗೌರವಿಸುವ ಫಾತಿಮಾ ಬೀವಿಯವರೂ ನಿವೃತ್ತರಾದ ಕೆಲವು ವರ್ಷಗಳ ಬಳಿಕ, 1997ರಲ್ಲಿ, ತಮಿಳುನಾಡಿನ ರಾಜ್ಯಪಾಲರಾಗಿದ್ದರು. ವ್ಯಕ್ತಿಗಳ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ತೀರ್ಪಿನ ಮೇಲೆ ಬೀಳುವ ನೆರಳಿನ ಬಗ್ಗೆ ಹೇಳುತ್ತಿದ್ದೇವೆ. ಇನ್ನು 2024ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಶೇಖರ್ ಕುಮಾರ್ ಯಾದವ್ ವಿಶ್ವ ಹಿಂದೂ ಪರಿಷತ್ತಿನ ಕಾರ್ಯಕ್ರಮದಲ್ಲಿ ಮಾತನಾಡಿ, ದೇಶ ಬಹುಸಂಖ್ಯಾತರ ಇಚ್ಛೆಯಂತೆ ನಡೆಯುತ್ತದೆ ಎಂಬರ್ಥದಲ್ಲಿ ಹೇಳಿದರು. ಅವರು ಯಾವ ಚುನಾವಣೆಗೂ ನಿಂತವರಲ್ಲ. ಆದರೂ ಬಾಯಿಯಲ್ಲಿ ಬಂದದ್ದು ಮತಪೆಟ್ಟಿಗೆಯ ಭಾಷೆ.

ಆದುದರಿಂದ ಚುನಾವಣೆಯೋ ನೇಮಕವೋ ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧಕ್ಕೆ ನಿಲ್ಲುತ್ತದೆ. ಒಳಗೆ ಬರುವ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಒಳಗೆ ಬಂದ ಮೇಲೆ ಹಿಂದಿನಿಂದ ಯಾರೂ ಎಳೆಯುವಂತಿರಬಾರದು. ಟೆಕ್ಸಾಸ್ ಮೊದಲನೆಯದನ್ನು ಮಾಡಿತು, ಎರಡನೆಯದನ್ನು ಮಾಡಲಾರದೆ ಹೋಯಿತು. ನಾವು ಎರಡನೆಯದನ್ನು ಸಂವಿಧಾನದಲ್ಲಿ ಬರೆದಿಟ್ಟೆವು; ಮೊದಲನೆಯದನ್ನು ಅರ್ಧಂಬರ್ಧ ಮಾಡಿದೆವು, ಎರಡನೆಯದನ್ನೂ ಈಗ ಕಳೆದುಕೊಳ್ಳುತ್ತಿದ್ದೇವೆ. ನಿವೃತ್ತಿಯ ನಂತರ ಹುದ್ದೆಗಳಿಗೆ ಕೆಲವು ವರ್ಷಗಳ ಬಿಡುವು ಕಡ್ಡಾಯವಾಗಬೇಕು. ಮೊದಲ ತಲೆಮಾರಿನ ಬಡ ವಕೀಲರಿಗೆ ಆ ಮೂರು ವರ್ಷ ಸರಕಾರ ಜೀವನ ವೇತನ ಕೊಡಬೇಕು. ನಮ್ಮ ಸಮುದಾಯದ ಸಂಸ್ಥೆಗಳು ಇಂಜಿನಿಯರಿಂಗ್, ವೈದ್ಯಕೀಯ ಸೀಟಿನ ಬಗ್ಗೆ ತೋರುವ ಆಸಕ್ತಿಯ ಕಾಲುಭಾಗವನ್ನಾದರೂ ನ್ಯಾಯಾಧೀಶರ ಪರೀಕ್ಷೆಯ ತರಬೇತಿಗೆ ತೋರಬೇಕು.

ಬೀಡಿಯ ಮಾತಿನಿಂದ ಆರಂಭಿಸಿದೆವು. ದಿನವಿಡೀ ಕಟ್ಟಿದ ಬೀಡಿಯನ್ನು ಹೆಣ್ಣುಮಕ್ಕಳು ಸಂಜೆ ಬ್ರಾಂಚಿಗೆ ಒಯ್ಯುತ್ತಾರೆ. ಅಲ್ಲಿ ಒಬ್ಬ ಕುಳಿತು ಕಟ್ಟುಗಳನ್ನ ನೋಡಿ, ಇದು ಸರಿ, ಇದು ಸರಿಯಿಲ್ಲ ಎಂದು ಬೇರೆ ಮಾಡುತ್ತಾನೆ. ಅವನು ಎತ್ತಿಟ್ಟದ್ದಕ್ಕೆ ಕೂಲಿಯಿಲ್ಲ. ಅವನು ಯಾರ ಮುಖ ನೋಡಿ ಎತ್ತಿಡುತ್ತಾನೆ, ಯಾರ ಮುಖ ನೋಡಿ ಬಿಡುತ್ತಾನೆ ಎಂಬುದು ಸಾಲಿನಲ್ಲಿ ನಿಂತ ಪ್ರತಿಯೊಬ್ಬಳಿಗೂ ಗೊತ್ತು. ನ್ಯಾಯ ಎಂದರೇನೆಂದು ಆಕೆಗೆ ಯಾವ ಕಾನೂನು ಪುಸ್ತಕವೂ ಕಲಿಸಬೇಕಾಗಿಲ್ಲ. ಮುಖ ನೋಡದೆ ಕಟ್ಟು ನೋಡುವವನು ಬೇಕು, ಅಷ್ಟೇ. ಅಂತಹವನು ಮತದಿಂದ ಬರಲಿ, ಪರೀಕ್ಷೆಯಿಂದ ಬರಲಿ. ಆಕೆಯ ಮಗಳೇ ಆ ಪೀಠಕ್ಕೆ ಬರುವಂತಾಗಲಿ.